ಏರಿಯ ಮೇಲೊಂದು ಟ್ರೈಪಾಡ್

ಬೆಂಗಳೂರಿನಿಂದ ಹಂಪಿಗೋ ಗೋವಾಕ್ಕೋ ಹೊರಟ ಕ್ಯಾಮೆರಾಗಳು ಚಿತ್ರದುರ್ಗ ಜಿಲ್ಲೆಯನ್ನು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ದಾಟುತ್ತವೆ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರನ್ನು ಹಿಂದೆ ಹಾಕಿ, ದುರ್ಗದ ಮಗ್ಗುಲಲ್ಲೇ ಹಾದು ದಾವಣಗೆರೆಯ ಕಡೆಗೆ ಓಡುತ್ತದೆ. ಕಾರಿನ ಕಿಟಕಿಯಿಂದ ಕಾಣುವುದು ಇಷ್ಟೇ: ಬಂಡೆಗುಡ್ಡ, ಅದರ ನೆತ್ತಿಯಲ್ಲಿ ಕೋಟೆಯ ಗೆರೆ, ಸಾಲುಗಟ್ಟಿದ ಗಾಳಿಯಂತ್ರ, ಆಮೇಲೆ ಜಾಲಿ, ಮತ್ತೂ ಜಾಲಿ. ಪುರುಸೊತ್ತಿದ್ದವರು ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿ ಭೀಮಸಮುದ್ರದ ದಾರಿ ಹಿಡಿಯುವವರು ಅಡಿಕೆ ವ್ಯಾಪಾರಿಗಳು, ಅದಿರಿನ ಲಾರಿಯವರು, ಇಲ್ಲವೇ ಊರಲ್ಲಿ ನೆಂಟರಿದ್ದವರು.

ನಮ್ಮ ಹವ್ಯಾಸಿ ಛಾಯಾಗ್ರಾಹಕರಿಗೆ ಲಡಾಖ್ ಗೊತ್ತು, ಸ್ಪಿತಿ ಗೊತ್ತು, ಐಸ್‌ಲ್ಯಾಂಡಿನ ಕಪ್ಪು ಮರಳಿನ ಕಡಲತೀರವೂ ಗೊತ್ತು. ಆ ಜಾಗಗಳನ್ನು ಎಲ್ಲಿ ನಿಂತು, ಯಾವ ಲೆನ್ಸಿನಲ್ಲಿ, ಎಷ್ಟು ಹೊತ್ತಿಗೆ ತೆಗೆಯಬೇಕೆಂಬುದು ಹೊರಡುವ ಮೊದಲೇ ಬಾಯಿಪಾಠ. ಹಾಗಾಗಿ ಅವು ನಕ್ಷೆಯಲ್ಲಿ ಎಷ್ಟೇ ದೂರವಿದ್ದರೂ ಕಣ್ಣಿಗೆ ಹತ್ತಿರ. ಬೆಂಗಳೂರಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರಿನ ಭೀಮಸಮುದ್ರದ ಬಗ್ಗೆ ಅಂಥ ಪಾಠ ಯಾರೂ ಬರೆದಿಟ್ಟಿಲ್ಲ. ಇಲ್ಲಿ ನಿಲ್ಲುವ ಜಾಗವನ್ನು ನಾವೇ ಹುಡುಕಿಕೊಳ್ಳಬೇಕು.

ತೂಬಿನಿಂದ ತೋಟಕ್ಕೆ

ಭೀಮಸಮುದ್ರದ ಕೆರೆಯ ಏರಿ ಹತ್ತಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಎರಡು ಬಗೆಯ ಹಸಿರಿನ ವ್ಯತ್ಯಾಸ. ಗುಡ್ಡದ ಮೇಲೆ ಮಳೆಗಾಲದಲ್ಲಿ ಮಾತ್ರ ಬಂದುಹೋಗುವ ಹಸಿರು. ಕೆಳಗೆ ಅಡಿಕೆಯ, ತೆಂಗಿನ ದಟ್ಟ ಕಡುಹಸಿರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಬಯಲುಸೀಮೆಯ ಜಿಲ್ಲೆಯಲ್ಲಿ, ಮಲೆನಾಡಿನಲ್ಲಿ ಅದರ ಹಲವು ಪಟ್ಟು ಮಳೆ ಉಂಡು ಬೆಳೆಯುವ ಮರ ನಿಂತಿದೆ. ಇದು ಪ್ರಕೃತಿಯ ದೃಶ್ಯವಲ್ಲ. ಕಟ್ಟಿದ ದೃಶ್ಯ. ಏರಿ ಕಟ್ಟಿದ್ದಕ್ಕೆ ನೀರು ನಿಂತಿತು, ತೂಬು ತೆಗೆದಿದ್ದಕ್ಕೆ ಅಚ್ಚುಕಟ್ಟು ಹಸಿರಾಯಿತು, ಕೊಳವೆಬಾವಿ ಕೊರೆದಿದ್ದಕ್ಕೆ ಅಚ್ಚುಕಟ್ಟಿನ ಆಚೆಗೂ ತೋಟ ಹಬ್ಬಿತು.

ಈ ಕಟ್ಟುವ ಕೆಲಸ ನಿನ್ನೆ ಮೊನ್ನೆಯದಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ನಾಲ್ಕನೆಯ ಶತಮಾನದ್ದೆನ್ನುವ ಆ ಶಾಸನ ಹೇಳುವುದು ಒಂದು ಕೆರೆಯ ಕೆಲಸದ ಸುದ್ದಿಯನ್ನು. ಮುಂದೆ ದುರ್ಗದ ಪಾಳೆಯಗಾರರು ಬೆಟ್ಟದ ಮೇಲೆ ಬಿದ್ದ ಹನಿಯೂ ಪೋಲಾಗದಂತೆ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ–ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ ನೀರಿಳಿಯುವ ದಾರಿ ಮಾಡಿದರು. ಅವರಲ್ಲಿ ಬಿಳಿಚೋಡು ಭರಮಣ್ಣನಾಯಕ ಕತ್ತಿಗೆ ಎಷ್ಟೋ ಅಷ್ಟೇ ಕೆರೆ, ಗುಡಿಗಳಿಗೂ ಹೆಸರಾದವನು. ನೀರನ್ನು ಹಿಡಿದು ನಿಲ್ಲಿಸುವುದೇ ಈ ಸೀಮೆಯ ಭೂಮಿಗೆ ಆಕಾರ ಕೊಟ್ಟ ಕೆಲಸ.

ಹಾಗಾಗಿ ನನ್ನ ವಾದ ಇಷ್ಟು. ಮನುಷ್ಯರು ಮಾಡಿದ್ದನ್ನೆಲ್ಲ ಚೌಕಟ್ಟಿನ ಆಚೆಗೆ ತಳ್ಳಿ, ಬರೀ ನೀರು–ಗುಡ್ಡ–ಮೋಡ ಉಳಿಸಿಕೊಂಡು ತೆಗೆದ ಚಿತ್ರ ಭೀಮಸಮುದ್ರದ ಚಿತ್ರವಲ್ಲ. ಅದು ಎಲ್ಲಿಯದಾದರೂ ಆಗಬಹುದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವು ಒಂದೇ ಫ್ರೇಮಿನಲ್ಲಿ ಕೂತಾಗಲೇ ನೋಡುವವರಿಗೆ ಈ ಹಸಿರು ಎಲ್ಲಿಂದ ಬಂತು, ಎಷ್ಟು ದಿನ ಇದ್ದೀತು ಎಂಬುದು ತಿಳಿಯುತ್ತದೆ.

ದುರ್ಗವನ್ನು ಕಂಡ ಕ್ಯಾಮೆರಾಗಳು

ಈ ಭಾಗದ ಭೂದೃಶ್ಯವನ್ನು ಕ್ಯಾಮೆರಾ ಹೇಗೆ ಕಂಡಿತು ಎಂಬುದಕ್ಕೆ ಒಂದು ಹಿನ್ನೆಲೆ ಇದೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಪಾಳುನಗರವನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಗಾಜಿನ ವೆಟ್ ಪ್ಲೇಟ್ ಪದ್ಧತಿಯಲ್ಲಾದರೆ ಲೇಪ ಒಣಗುವುದರೊಳಗೆ ಚಿತ್ರ ತೆಗೆದು ತೊಳೆದು ಮುಗಿಸಬೇಕಿತ್ತು. ನಮ್ಮ ಬಿಸಿಲಿನಲ್ಲಿ ಅದು ಸುಲಭದ ಮಾತಲ್ಲ. ಕಾಗದದ ನೆಗೆಟಿವನ್ನು ಮೊದಲೇ ಸಿದ್ಧಮಾಡಿ ಒಯ್ಯಬಹುದಿತ್ತು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸಂಸ್ಥಾನದ 150 ಶಾಸನಗಳ ಫೋಟೊ ತೆಗೆದರು. ಆ ಫೋಟೊಗಳನ್ನೇ ಆಧರಿಸಿ ಬಿ.ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಶನ್ಸ್’ ಹೊರತಂದರು. ಆ ಕಾಲದ ಕ್ಯಾಮೆರಾಕ್ಕೆ ಬೇಕಿದ್ದುದು ಕಲ್ಲು: ಗುಡಿ, ಕೋಟೆ, ಶಾಸನ. ಕಲ್ಲು ಅಲುಗುವುದಿಲ್ಲ. ದೀರ್ಘ ಎಕ್ಸ್‌ಪೋಷರಿಗೆ ಅದರಂಥ ಆಸಾಮಿ ಇನ್ನೊಂದಿಲ್ಲ.

ನಮ್ಮೆಲ್ಲರ ಕಣ್ಣಿಗೆ ದುರ್ಗವನ್ನು ಕೂರಿಸಿದ್ದು ಮಾತ್ರ ಸಿನಿಮಾ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ಛಾಯಾಗ್ರಹಣ ಚಿಟ್ಟಿಬಾಬು ಅವರದು. ಕೋಟೆಯ ಬುರುಜು, ಬಂಡೆಯ ಸಂದು, ಕಲ್ಲಿನ ಬೆನ್ನ ಹಿಂದಿನ ಖಾಲಿ ಆಕಾಶ ಇವೆಲ್ಲ ಅದರಲ್ಲಿ ಕಥೆಯ ಪಾತ್ರಗಳೇ ಆದವು. ಅಂದಿನಿಂದ ಇಂದಿನವರೆಗೆ ಕೋಟೆ ಹತ್ತಿದ ಬಹುತೇಕ ಕ್ಯಾಮೆರಾಗಳು ಆ ಚೌಕಟ್ಟುಗಳನ್ನೇ ಮತ್ತೆ ಮತ್ತೆ ತೆಗೆಯುತ್ತಿವೆ. ಒಂದು ಊರಿಗೆ ಪ್ರಬಲವಾದ ಚಿತ್ರ ಸಿಕ್ಕರೆ ಲಾಭವೂ ಹೌದು, ನಷ್ಟವೂ ಹೌದು. ದುರ್ಗವೆಂದರೆ ಕಲ್ಲು ಎಂದು ಒಮ್ಮೆ ಮನಸ್ಸಿನಲ್ಲಿ ಕೂತರೆ ಹೊಳಲ್ಕೆರೆಯ ತೋಟ, ಹೊಸದುರ್ಗದ ದಾಳಿಂಬೆ ಹೊಲ, ಹಿರಿಯೂರಿನ ನೀರು ಇವು ಕಾಣುವುದೇ ಇಲ್ಲ.

ಎರಡು ಕೆಂಪು

ಸೆಪ್ಟೆಂಬರಿನಿಂದ ಆಚೆಗೆ ಭೀಮಸಮುದ್ರಕ್ಕೆ ಬಂದರೆ ನೆಲದ ಮೇಲೆ ಒಂದು ಕೆಂಪು ಹರಡಿರುತ್ತದೆ. ಗೊನೆ ಇಳಿಸಿ, ಸುಲಿದು, ಹಂಡೆಯಲ್ಲಿ ಚೊಗರಿನ ಜೊತೆ ಬೇಯಿಸಿ, ಕಣದಲ್ಲಿ ಒಣಹಾಕಿದ ಅಡಿಕೆಯ ಕೆಂಪು. ಈ ಊರು ಅಡಿಕೆ ವ್ಯಾಪಾರಕ್ಕೆ ಹೆಸರುವಾಸಿ. ಆಪಿ, ಬೆಟ್ಟೆ, ರಾಶಿ, ಕೆಂಪುಗೋಟು ಎಂಬ ದರ್ಜೆಗಳು ಇಲ್ಲಿನ ಮಾತಿನಲ್ಲಿ ದಿನವೂ ಓಡಾಡುತ್ತವೆ. ಖೇಣಿದಾರರು ಮರದಲ್ಲಿರುವಾಗಲೇ ಫಸಲಿಗೆ ಬೆಲೆ ಕಟ್ಟುತ್ತಾರೆ. ಸುಲಿಯುವ ಯಂತ್ರ ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಇನ್ನೂ ಇದ್ದಾರೆ. ಒಂದೇ ಕಣದಲ್ಲಿ ಹಸಿರು ಕಾಯಿ, ಹಳದಿ ಸಿಪ್ಪೆ, ಬೆಂದ ಕೆಂಪು, ಒಣಗಿದ ಕಂದು ಎಲ್ಲವೂ ಸಿಗುತ್ತವೆ. ಬಣ್ಣವನ್ನು ಪ್ರೀತಿಸುವ ಕ್ಯಾಮೆರಾಕ್ಕೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿಲ್ಲ.

ಇನ್ನೊಂದು ಕೆಂಪು ಗುಡ್ಡದ್ದು. ಈ ಸೀಮೆಯ ಗುಡ್ಡಗಳು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದವು. ಅವುಗಳಲ್ಲಿ ಕಬ್ಬಿಣದ ಅದಿರಿದೆ, ಭೀಮಸಮುದ್ರದ ಸುತ್ತಮುತ್ತ ಗಣಿಗಳಿವೆ. ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮರುತಿಂಗಳೇ, ಅಂದರೆ 2011ರ ಆಗಸ್ಟಿನಲ್ಲಿ, ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ನಿಷೇಧ ವಿಸ್ತರಿಸಿತು. 2013ರ ಏಪ್ರಿಲ್ ತೀರ್ಪಿನ ನಂತರ ನಿಯಮಕ್ಕೊಳಪಟ್ಟು ಗಣಿಗಳು ಹಂತಹಂತವಾಗಿ ಬಾಗಿಲು ತೆರೆದವು. ಅದಿರಿನ ಲಾರಿ ಓಡುವ ರಸ್ತೆಯ ಪಕ್ಕದ ತೋಟಗಳಲ್ಲಿ ಅಡಿಕೆಯ ಗರಿ ಕೆಂಪು ದೂಳು ಹೊದ್ದು ನಿಲ್ಲುತ್ತದೆ. ಒಂದು ಕೆಂಪಿನಿಂದ ಊರಿಗೆ ದುಡ್ಡು ಬರುತ್ತದೆ, ಇನ್ನೊಂದರಿಂದಲೂ ಬರುತ್ತದೆ. ಆದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಈ ಮಾತನ್ನು ಹೇಳಲು ಬರಹಗಾರನಿಗೆ ಒಂದು ಪ್ಯಾರಾ ಬೇಕು. ಛಾಯಾಗ್ರಾಹಕನಿಗೆ ಒಂದು ದೂಳು ಹಿಡಿದ ಗರಿ ಸಾಕು.

ಇಲ್ಲಿ ಒಂದು ತಾಂತ್ರಿಕ ಎಚ್ಚರ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್‌ಗೆ ಹೆಚ್ಚು ಕೆಂಪು ಕಂಡರೆ ಅದು ದೋಷವೆಂದು ತಿಳಿದು ಸರಿಪಡಿಸಲು ಹೊರಡುತ್ತದೆ, ನೆಲ ಪೇಲವವಾಗಿ ಬರುತ್ತದೆ. ಅದನ್ನು ಡೇಲೈಟ್‌ಗೆ, ಅಂದರೆ 5,200–5,500 ಕೆಲ್ವಿನ್ನಿಗೆ ಕಟ್ಟಿಹಾಕಿ. ಮನೆಗೆ ಬಂದು ಸ್ಯಾಚುರೇಶನ್ ಏರಿಸಿ ಕೆಂಪನ್ನು ಕುಂಕುಮ ಮಾಡುವುದೂ ಅಷ್ಟೇ ತಪ್ಪು. ಇದ್ದ ಬಣ್ಣವೇ ಸಾಕಷ್ಟು ಮಾತಾಡುತ್ತದೆ.

ಮನುಷ್ಯನಿಗೆ ಪ್ರವೇಶವಿಲ್ಲ

ಚೌಕಟ್ಟಿನಿಂದ ಜನರನ್ನು ಹೊರಗಿಡುವ ಅಭ್ಯಾಸ ಎಲ್ಲಿಂದ ಬಂತು? ಅರ್ಧ ಉತ್ತರ ಸ್ಪರ್ಧೆಗಳಲ್ಲಿದೆ. ಅಂತರರಾಷ್ಟ್ರೀಯ ಸಲೋನ್‌ಗಳನ್ನು ಮಾನ್ಯ ಮಾಡುವ ಫಿಯಾಪ್‌ನಂಥ ಸಂಸ್ಥೆಗಳ ನೇಚರ್ ವಿಭಾಗದ ನಿಯಮದಂತೆ ಚಿತ್ರದಲ್ಲಿ ಮನುಷ್ಯ ಮಾಡಿದ ವಸ್ತು ಕಾಣಬಾರದು. ವಿನಾಯಿತಿಗಳಿವೆ: ಮನುಷ್ಯರ ನಡುವೆ ಬದುಕಲು ಕಲಿತ ಗೂಬೆ, ಕೊಕ್ಕರೆಗಳಂಥ ಜೀವಿಗಳ ಕಥೆಯಲ್ಲಿ, ಚಂಡಮಾರುತದಂಥ ನಿಸರ್ಗಶಕ್ತಿಯ ಚಿತ್ರದಲ್ಲಿ. ವನ್ಯಜೀವಿ ಛಾಯಾಗ್ರಹಣಕ್ಕೆ ಅದು ಒಪ್ಪುವ ಶಿಸ್ತು. ಕರ್ನಾಟಕದ ಛಾಯಾಗ್ರಹಣದ ಹೆಮ್ಮೆಯೂ ಅದೇ ದಾರಿಯದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಕಾಡಿನ ಚಿತ್ರಕ್ಕೆ ಜಗತ್ತಿನ ಮನ್ನಣೆ ತಂದರು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ. ತೊಂದರೆ ಎಲ್ಲಿ ಎಂದರೆ, ಹುಲಿಗೆಂದು ಮಾಡಿದ ಶಿಸ್ತನ್ನು ನಾವು ಅರಿವಿಲ್ಲದೆ ಕೆರೆಗೂ ಅನ್ವಯಿಸಿದೆವು. ವಿದ್ಯುತ್ ಕಂಬ ಬಂತೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆವು, ಎಮ್ಮೆ ತೊಳೆಯುವವರು ಹೋಗಲೆಂದು ಕಾದೆವು, ಗಾಳಿಯಂತ್ರವನ್ನು ಕಂಪ್ಯೂಟರಿನಲ್ಲಿ ಅಳಿಸಿದೆವು.

ಈ ಕಣ್ಣನ್ನು ತಿದ್ದಿದ ಒಂದು ಪ್ರದರ್ಶನ 1975ರಲ್ಲಿ ಅಮೆರಿಕದ ರಾಚೆಸ್ಟರಿನ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ನಡೆಯಿತು. ‘ನ್ಯೂ ಟೊಪೊಗ್ರಾಫಿಕ್ಸ್’ ಎಂಬ ಆ ಪ್ರದರ್ಶನವನ್ನು ರೂಪಿಸಿದವರು ವಿಲಿಯಂ ಜೆಂಕಿನ್ಸ್. ರಾಬರ್ಟ್ ಆಡಮ್ಸ್, ಲೂಯಿಸ್ ಬಾಲ್ಟ್ಸ್, ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ಸೇರಿ ಹತ್ತು ಮಂದಿಯ ಚಿತ್ರಗಳು ಅಲ್ಲಿದ್ದವು. ಆನ್ಸೆಲ್ ಆಡಮ್ಸ್ ತೋರಿಸಿದ ಭವ್ಯ, ನಿರ್ಜನ ಪರ್ವತಗಳ ದೇಶದಲ್ಲೇ ಇವರು ಹೊಸ ಬಡಾವಣೆ, ಕಾರ್ಖಾನೆಯ ಗೋಡೆ, ವಾಹನ ನಿಲ್ಲಿಸುವ ಜಾಗಗಳನ್ನು ತಣ್ಣಗೆ, ನೇರವಾಗಿ ತೋರಿಸಿದರು. ಮನುಷ್ಯ ಬದಲಿಸಿದ ನೆಲವೂ ಭೂದೃಶ್ಯವೇ ಎಂದರು. ಆ ಪ್ರದರ್ಶನಕ್ಕೆ ತಕ್ಕ ನೆಲ ನಮ್ಮಲ್ಲಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ನಾನು ಹೊಳಲ್ಕೆರೆ ರಸ್ತೆ ತೋರಿಸುತ್ತೇನೆ. ವ್ಯತ್ಯಾಸ ಒಂದೇ. ಅವರ ಚಿತ್ರಗಳಲ್ಲಿ ಬದಲಾವಣೆ ಹೊಚ್ಚಹೊಸದು. ಇಲ್ಲಿ ಅದಕ್ಕೆ ಸಾವಿರದ ಆರುನೂರು ವರ್ಷ.

ಸುತ್ತು ಬರುವ ದಾರಿ

ಭೀಮಸಮುದ್ರವನ್ನು ನಡುವಿಟ್ಟುಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಸುತ್ತಿದರೆ ಈ ಮಾತಿಗೆ ಬೇರೆ ಬೇರೆ ಸಾಕ್ಷಿ ಸಿಗುತ್ತದೆ.

ಚಿತ್ರದುರ್ಗದಿಂದ ಹಿರಿಯೂರಿನ ದಿಕ್ಕಿನಲ್ಲಿರುವ ಮರಡಿಹಳ್ಳಿಯಲ್ಲಿ ದಿಂಬು ಲಾವಾದ ಬಂಡೆಗಳಿವೆ. ಲಾವಾ ನೀರಿನಡಿ ಉಕ್ಕಿ, ಸಿಪ್ಪೆ ತಟ್ಟನೆ ತಣಿದು, ಉರುಟುರುಟಾಗಿ ಒಂದರ ಮೇಲೊಂದು ಕೂತಾಗ ಈ ಆಕಾರ ಬರುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನೇರ ಬಿಸಿಲಿನಲ್ಲಿ ಇದು ಬರೀ ಕಲ್ಲುಗುಡ್ಡೆ. ಸೂರ್ಯ ತಗ್ಗಿರುವಾಗ ಪಕ್ಕದಿಂದ ಬೆಳಕು ಸವರಿದರೆ ದಿಂಬುಗಳ ಅಂಚು ಒಂದೊಂದಾಗಿ ಏಳುತ್ತದೆ. ಜಿಲ್ಲೆಯಲ್ಲಿ ಮನುಷ್ಯರ ಕೈ ಸೋಕದೆ ರೂಪುಗೊಂಡ ದೃಶ್ಯ ಬೇಕೇಬೇಕು ಎನ್ನುವವರಿಗೆ ಇದಿದೆ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಕಟ್ಟಿದ ವಾಣಿವಿಲಾಸ ಸಾಗರವಿದೆ. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಕಲ್ಲಿನ ಗೋಡೆ, ಅದರ ಮೇಲೆ ಮಂಟಪ, ಹಿಂದೆ 30 ಟಿಎಂಸಿ ಅಡಿ ನೀರಿಗೆ ಜಾಗ. 1933ರಲ್ಲಿ ತುಂಬಿದ ಜಲಾಶಯ ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. 2022ರಲ್ಲಿ ಕೋಡಿ ನೋಡಲು ಜನ ಹಿಂಡುಗಟ್ಟಿ ಬಂದರು. ಆ ದಿನಗಳ ಒಳ್ಳೆಯ ಚಿತ್ರಗಳೆಂದರೆ ಜಲರಾಶಿಯವಲ್ಲ, ನೀರನ್ನು ನೋಡುತ್ತಿರುವ ಮುಖಗಳವು. ಅಜ್ಜನ ಬಾಯಲ್ಲಿ ಕೇಳಿದ್ದನ್ನು ಮೊಮ್ಮಗಳು ಕಣ್ಣಾರೆ ಕಂಡ ಗಳಿಗೆ ಬರೀ ಹಿನ್ನೀರಿನ ಫ್ರೇಮಿನಲ್ಲಿ ಬರುವುದಿಲ್ಲ.

ಹೊಸದುರ್ಗ, ಹೊಳಲ್ಕೆರೆಗಳ ಕಡೆ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಾಗಿ ಸೀಳಿದ ನೆಲ ಕಾಣುತ್ತದೆ. ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಬಯಲುಸೀಮೆಗೆ ತರುವ ಯೋಜನೆ ಇದು. 2023–24ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣಕ್ಕಾಗಿ ರೈತರು ಕಾಯುತ್ತ, ಬೀದಿಗಿಳಿಯುತ್ತ ಬಂದಿದ್ದಾರೆ. ಕಾಲುವೆಯ ಪಕ್ಕದಲ್ಲಿ ಮಣ್ಣಿನ ಹೊಸ ದಿಬ್ಬ, ಆಚೆ ಒಣಗಿದ ತೋಟ. 2016–17ರ ಬರದಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್ ನೀರು ಹೊಯ್ದು ಅಡಿಕೆ ಉಳಿಸಿಕೊಂಡ ಸೀಮೆ ಇದು. ಆ ಬೇಸಿಗೆಗಳಲ್ಲಿ ಸುಳಿ ಬಿದ್ದು ನಿಂತ ಮರಗಳ ಚಿತ್ರ ಯಾವ ಕ್ಯಾಲೆಂಡರಿನಲ್ಲೂ ಬರಲಿಲ್ಲ.

ಜೋಗಿಮಟ್ಟಿ ಗುಡ್ಡಗಳದು ಗಾಳಿಯ ಕಥೆ. ನೈಋತ್ಯ ಮಾರುತ ಶುರುವಾಯಿತೆಂದರೆ ಇಲ್ಲಿ ಟ್ರೈಪಾಡಿಗೆ ಕಲ್ಲಿನ ಚೀಲ ಕಟ್ಟಿ ನಿಲ್ಲಿಸಬೇಕು. ಸುತ್ತಲಿನ ಸಾಲುಗುಡ್ಡಗಳ ಮೇಲೆ ಗಾಳಿಯಂತ್ರ. ಅವುಗಳನ್ನು ಅಳಿಸುವ ಬದಲು ಓದುವುದು ಮೇಲು. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದರೆ ರೆಕ್ಕೆ ಸತ್ತಂತೆ ನಿಲ್ಲುತ್ತದೆ. ನಾಲ್ಕರಲ್ಲೊಂದು ಭಾಗಕ್ಕೆ ಇಳಿಸಿದರೆ ಗಾಳಿ ಚಿತ್ರದೊಳಗೆ ಬರುತ್ತದೆ. ಅದೇ ಗಾಳಿಗೆ ಓಲಾಡುವ ಅಡಿಕೆ ತಲೆಗಳೂ ಮಸುಕಾಗಲಿ. ಕಲ್ಲು ಮಾತ್ರ ಚೂಪಾಗಿ ಉಳಿಯುತ್ತದೆ.

ಲೆನ್ಸಿನ ವಿಷಯದಲ್ಲೂ ಈ ನೆಲಕ್ಕೆ ತನ್ನದೇ ಹಟವಿದೆ. ಲ್ಯಾಂಡ್‌ಸ್ಕೇಪ್ ಎಂದೊಡನೆ ವೈಡ್ ಲೆನ್ಸ್ ಹಾಕುವುದು ರೂಢಿ. ಇಲ್ಲಿನ ಗುಡ್ಡಗಳು ಹಿಮಾಲಯದವಲ್ಲ. ವೈಡ್ ಲೆನ್ಸಿನಲ್ಲಿ ಅವು ಕುಗ್ಗಿ ಗೆರೆಯಾಗುತ್ತವೆ. 70–200 ಮಿಲಿಮೀಟರಿನ ಟೆಲಿ ಹಿಡಿದು ದೂರ ನಿಂತರೆ ತೋಟದ ತಲೆಗಳು, ಏರಿ, ನೀರು, ಗಣಿಯ ಮೆಟ್ಟಿಲು, ಗಾಳಿಯಂತ್ರ ಎಲ್ಲವೂ ಪದರಪದರವಾಗಿ ಒತ್ತಿಕೊಂಡು ಬರುತ್ತವೆ. ನೀರಿನ, ಗರಿಯ ಹೊಳಪು ತೆಗೆಯಲು ಪೋಲರೈಸರ್ ಇರಲಿ. ಮಳೆ ನಿಂತ ಅಕ್ಟೋಬರ್–ನವೆಂಬರಿನಲ್ಲಿ ಗಾಳಿ ತಿಳಿಯಾಗಿರುತ್ತದೆ. ಫೆಬ್ರುವರಿ–ಮಾರ್ಚಿನಲ್ಲಿ ಎಲೆ ಉದುರಿಸಿದ ಕಾಡಿನಲ್ಲಿ ಮುತ್ತುಗ ಹೂಬಿಡುತ್ತದೆ. ಏಪ್ರಿಲ್–ಮೇ ಸಂಜೆಗಳ ಗುಡುಗುಮೋಡ ಈ ಬಯಲಿನ ಮೇಲೆ ಕಾಣುವಷ್ಟು ಇಡಿಯಾಗಿ ಮಲೆನಾಡಿನಲ್ಲಿ ಎಂದೂ ಕಾಣದು.

ಸರ್ವೆಯವರಾ?

ಏರಿಯ ಮೇಲೆ ಟ್ರೈಪಾಡ್ ಊರಿದವನನ್ನು ಈ ಕಡೆ ಮೊದಲು ಕೇಳುವ ಪ್ರಶ್ನೆ ಇದು. ನಗು ತರಿಸಿದರೂ ತಮಾಷೆಯ ಪ್ರಶ್ನೆಯಲ್ಲ. ಮೂರು ಕಾಲಿನ ಉಪಕರಣ ಹೊತ್ತು ಬಂದವರು ಇಲ್ಲಿ ಕಾಲುವೆಗೆ ಅಳೆದಿದ್ದಾರೆ, ಗಣಿಗೆ ಅಳೆದಿದ್ದಾರೆ, ಗಾಳಿಯಂತ್ರಕ್ಕೆ, ರಸ್ತೆಗೆ ಅಳೆದಿದ್ದಾರೆ. ಅವರು ಬಂದುಹೋದ ಮೇಲೆ ಜಮೀನಿನ ಗಡಿ ಬದಲಾಗಿದೆ. ಕೇಳುವವರಿಗೆ ಉತ್ತರ ಕೊಡುವುದು ಛಾಯಾಗ್ರಾಹಕನ ಕೆಲಸದ ಭಾಗ. ಯಾರು, ಎಲ್ಲಿಂದ, ಚಿತ್ರ ಯಾತಕ್ಕೆ ಎಂದು ಹೇಳಿ, ತೆಗೆದದ್ದನ್ನು ಸ್ಕ್ರೀನಿನಲ್ಲಿ ತೋರಿಸಿದರೆ ಆಮೇಲಿನ ಮಾತುಕತೆಯಲ್ಲಿ ಯಾವ ಗೂಗಲ್ ನಕ್ಷೆಯೂ ಕೊಡದ ಮಾಹಿತಿ ಬರುತ್ತದೆ: ಕೋಡಿ ಎಲ್ಲಿ, ಹೋದ ಸಲ ನೀರು ಯಾವ ಕಲ್ಲಿನವರೆಗೆ ಬಂದಿತ್ತು, ಗುಡ್ಡದ ಯಾವ ತಿರುವಿನಿಂದ ಎರಡೂ ಕಡೆ ಕಾಣುತ್ತದೆ.

ಅಡಿಕೆ ಕಣಕ್ಕೆ ಕಾಲಿಡುವ ಮೊದಲು ಕೇಳಿ, ಸುಲಿಯುವ ಹೆಂಗಸರ ಮುಖ ಹಿಡಿಯುವ ಮೊದಲು ಇನ್ನೊಮ್ಮೆ ಕೇಳಿ. ಅವರ ಕೂಲಿ ಸುಲಿದ ಅಳತೆಯ ಮೇಲಾದರೆ ನಿಮ್ಮ ಪೋಸಿಗಾಗಿ ಕೈ ನಿಲ್ಲಿಸಿದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿದೆ, ಅಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮದ ವಲಯ ನಕ್ಷೆ ನೋಡದೆ ಹೊರಡಬಾರದು.

ಮಾಡಬೇಕಾದ ಕೆಲಸ ಇನ್ನೊಂದಿದೆ. ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪಿಯನ್ನು ಮತ್ತೆ ಅದೇ ಕೋನದಲ್ಲಿ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಏನು ಬಿತ್ತು, ಏನು ಉಳಿಯಿತು, ಎಲ್ಲಿ ಗದ್ದೆ ಬಂತು ಎಂಬುದು ಕಣ್ಣಿಗೆ ಕಟ್ಟಿತು. ಕಲ್ಲಿಗೆ ಸಿಕ್ಕ ಈ ಗೌರವ ಕೆರೆಗಳಿಗೆ ಸಿಕ್ಕಿಲ್ಲ. ಕಲ್ಲು ನೂರು ವರ್ಷಕ್ಕೆ ಬದಲಾದರೆ ಕೆರೆ ಒಂದೇ ವರ್ಷದಲ್ಲಿ ಬದಲಾಗುತ್ತದೆ. ಭೀಮಸಮುದ್ರದ ಏರಿಯ ಮೇಲೆ ಒಂದು ಕಲ್ಲು ಗುರುತಿಟ್ಟುಕೊಂಡು, ಮಳೆಗಾಲ ಮುಗಿದಾಗೊಮ್ಮೆ, ಬೇಸಿಗೆ ಮುಗಿಯುವಾಗೊಮ್ಮೆ, ಅದೇ ಎತ್ತರದಿಂದ ಅದೇ ದಿಕ್ಕಿಗೆ ಚಿತ್ರ ತೆಗೆಯುವುದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಊರಿನ ಕಾಲೇಜು ಹುಡುಗಿಯ ಮೊಬೈಲ್ ಸಾಕು. ಹತ್ತು ವರ್ಷ ಹಾಗೆ ಮಾಡಿದರೆ ನೀರು ಎಷ್ಟು ಹಿಂದೆ ಸರಿಯಿತು, ತೋಟ ಎಷ್ಟು ಮುಂದೆ ಬಂತು, ಗುಡ್ಡದ ನೆತ್ತಿ ಎಷ್ಟು ತಗ್ಗಿತು ಎಂಬುದಕ್ಕೆ ಯಾರೂ ಅಲ್ಲಗಳೆಯಲಾಗದ ದಾಖಲೆ ಊರಿನವರ ಕೈಯಲ್ಲೇ ಇರುತ್ತದೆ.

ಹೊರಗಿನಿಂದ ಬರುವ ನಮಗೆ ಒಂದು ಸಂಜೆಯ ಬೆಳಕು ಸಿಗಬಹುದು. ಆ ದಾಖಲೆ ಸಿಗುವುದು ಅಲ್ಲೇ ಇದ್ದವರಿಗೆ. ಬಹುಮಾನ ಯಾರಿಗೇ ಬರಲಿ, ನಾಳೆ ಕಾಲುವೆಯ ಸಭೆಯಲ್ಲೋ ಗಣಿಯ ಅಹವಾಲು ಸಭೆಯಲ್ಲೋ ಮೇಜಿನ ಮೇಲೆ ಇಡಬಹುದಾದ ಚಿತ್ರ ಅವರದೇ.